ಬೂದು ಜೋಡಿಯ ಗೂಡಿನಲ್ಲಿ ಬಿಳಿಯ ಮರಿ: ಸಾಕುಹಕ್ಕಿಗಳ ಬಣ್ಣ ಮತ್ತು ಅಡಗಿದ ವಂಶವಾಹಿಗಳು

ಜೀಬ್ರಾ ಫಿಂಚ್ ಎಂಬ ಪುಟ್ಟ ಹಕ್ಕಿಯನ್ನು ಸಾಕುವ ಹವ್ಯಾಸ ನಮ್ಮ ನಗರಗಳಲ್ಲಿ ಸಾಕಷ್ಟು ಹರಡಿದೆ. ಮುಂಬಯಿಯ ಇಕ್ಕಟ್ಟಾದ ಮನೆಯ ಬಾಲ್ಕನಿಯಲ್ಲಿಯೂ ಒಂದು ಜೋಡಿಗೆ ಸ್ಥಳ ದೊರೆಯುತ್ತದೆ. ನವಣೆ, ಬರಗಿನಂತಹ ಸಣ್ಣ ಕಾಳು, ಶುದ್ಧವಾದ ನೀರು ಮತ್ತು ಗೂಡು ಕಟ್ಟಲು ಒಂದಿಷ್ಟು ಒಣಹುಲ್ಲು ಇದ್ದರೆ ಇವು ಬೇಗನೆ ಮೊಟ್ಟೆಯಿಡುತ್ತವೆ. ಹೀಗೆ ಸಾಕಿದ ಬೂದು ಬಣ್ಣದ ಜೋಡಿಯೊಂದರ ಗೂಡಿನಿಂದ ಮೂರು ಬೂದು ಮರಿಗಳ ಜೊತೆಗೆ ಅಚ್ಚ ಬಿಳಿಯ ಮರಿಯೊಂದು ಹೊರಬಂದರೆ ಮನೆಯವರು ಬೆರಗಾಗುವುದು ಸಹಜ. ಮರಿಗೆ ಯಾವುದೋ ರೋಗ ತಗುಲಿದೆ ಎಂದು ಕೆಲವರು ಭಾವಿಸುತ್ತಾರೆ. ಮಾರಿದವನು ಬೆರಕೆ ಹಕ್ಕಿಯನ್ನು ಕೊಟ್ಟು ಮೋಸ ಮಾಡಿದನೆಂದು ಇನ್ನು ಕೆಲವರು ದೂರುತ್ತಾರೆ. ಪಂಜರದಲ್ಲಿ ಇರುವುದು ಒಂದೇ ಜೋಡಿಯಾದರೂ ಹೆಣ್ಣುಹಕ್ಕಿಯ ಮೇಲೆಯೇ ಸಂಶಯಪಡುವವರೂ ಇಲ್ಲದಿಲ್ಲ.

ಈ ಮೂರು ಊಹೆಗಳೂ ಸಾಮಾನ್ಯವಾಗಿ ತಪ್ಪು. ಬಿಳಿಯ ಬಣ್ಣವನ್ನು ಆ ಮರಿಗೆ ಕೊಟ್ಟವರು ಅದರ ತಂದೆ ತಾಯಿಗಳೇ, ಅದೂ ಇಬ್ಬರೂ ಸೇರಿ. ಅವರು ಬೂದು ಬಣ್ಣದವರಾಗಿದ್ದೂ ಅದು ಸಾಧ್ಯವಾದುದು ಹೇಗೆ ಎಂಬುದನ್ನು ತಿಳಿದವರು ಮುಂದಿನ ಜೋಡಿಯನ್ನು ವಿವೇಕದಿಂದ ಕೂಡಿಸಬಲ್ಲರು. ತಿಳಿಯದವರು ಬಿಳಿಯ ಮರಿಯ ಆಸೆಯಿಂದ ಅಣ್ಣತಂಗಿಯರನ್ನೇ ಜೋಡಿ ಮಾಡಿ, ಎರಡು ಮೂರು ತಲೆಮಾರುಗಳಲ್ಲಿ ಪಂಜರವನ್ನೇ ಬರಿದು ಮಾಡಿಕೊಳ್ಳುವ ಅಪಾಯವಿದೆ.

ಹಕ್ಕಿಯ ಸಹಜ ಬಣ್ಣ

ಜೀಬ್ರಾ ಫಿಂಚ್‌ನ ತೌರು ಆಸ್ಟ್ರೇಲಿಯಾ. ಅಲ್ಲಿನ ಒಣ ಹುಲ್ಲುಗಾವಲುಗಳಲ್ಲಿ ಇವು ಹಿಂಡುಹಿಂಡಾಗಿ ವಾಸಿಸುತ್ತವೆ. ಕಾಡಿನ ಗಂಡುಹಕ್ಕಿಯ ಮೈ ಬೂದು, ಕೆನ್ನೆ ಕಿತ್ತಳೆ, ಕೊಕ್ಕು ಕೆಂಪು. ಪಕ್ಕೆಗಳು ಬಿಳಿ ಚುಕ್ಕೆಗಳಿಂದ ಕೂಡಿದ ಕೆಂಗಂದು. ಕೊರಳಿನ ಕೆಳಗೆ ಕಾಣುವ ಸಣ್ಣ ಸಣ್ಣ ಕಪ್ಪುಬಿಳಿ ಪಟ್ಟೆಗಳಿಂದಲೇ ಅದಕ್ಕೆ ಜೀಬ್ರಾದ ಹೆಸರು ಬಂದಿದೆ. ಹೆಣ್ಣಿಗೆ ಕೆನ್ನೆಯ ಬಣ್ಣವೂ ಪಕ್ಕೆಯ ಚುಕ್ಕೆಗಳೂ ಇಲ್ಲ, ಕೊಕ್ಕು ಕಿತ್ತಳೆ ಛಾಯೆಯದು. ಒಂದು ಸಲಕ್ಕೆ ಸಾಮಾನ್ಯವಾಗಿ 4ರಿಂದ 6 ಮೊಟ್ಟೆಗಳು. ಕಾವಿನ ಅವಧಿ ಸುಮಾರು ಎರಡು ವಾರ. ಮೊಟ್ಟೆಯೊಡೆದ ಸುಮಾರು ಮೂರು ವಾರಗಳಲ್ಲಿ ಮರಿಗಳು ಗೂಡು ಬಿಡುತ್ತವೆ.

ಕಾಡಿನಲ್ಲಿ ಅಪರೂಪಕ್ಕೆ ಹುಟ್ಟುವ ಬಿಳಿಯ ಮರಿ ಬೇಟೆಹಕ್ಕಿಯ ಕಣ್ಣಿಗೆ ಬೇಗ ಬೀಳುತ್ತದೆ. ಪಂಜರದಲ್ಲಿ ಅದಕ್ಕೆ ಆ ಭಯವಿಲ್ಲ. ಮೇಲಾಗಿ ಸಾಕುವವರು ಅದನ್ನು ಜತನದಿಂದ ಉಳಿಸಿಕೊಳ್ಳುತ್ತಾರೆ. ಆದುದರಿಂದಲೇ ಸಾಕಿದ ಹಕ್ಕಿಗಳಲ್ಲಿ ಬಿಳಿ, ಬಿಳಿಯ ಮಚ್ಚೆ, ತಿಳಿಗಂದು, ಬೆಳ್ಳಿ, ಕಪ್ಪು ಎದೆ, ಜುಟ್ಟು ಮೊದಲಾದ ಹಲವು ಬಗೆಗಳು ಉಳಿದುಬಂದಿವೆ. ವಂಶವಾಹಿಯಲ್ಲಿ ಆಕಸ್ಮಿಕವಾಗಿ ಆಗುವ ಬದಲಾವಣೆಗೆ ಉತ್ಪರಿವರ್ತನೆ ಎಂದು ಹೆಸರು. ಗಮನಿಸಬೇಕಾದ ಸಂಗತಿ ಏನೆಂದರೆ, ಗೂಡಿನಲ್ಲಿ ಅನಿರೀಕ್ಷಿತವಾಗಿ ಕಂಡ ಬಣ್ಣ ಆ ದಿನವೇ ಹುಟ್ಟಿದ ಉತ್ಪರಿವರ್ತನೆಯಾಗಿರುವುದು ತೀರ ವಿರಳ. ಅದು ಹಲವು ತಲೆಮಾರುಗಳ ಹಿಂದೆ ಆದದ್ದು, ಈಗ ಹೊರಗೆ ಕಾಣಿಸಿಕೊಂಡಿದೆ, ಅಷ್ಟೆ.

ಅಡಗಿ ಕುಳಿತ ಗುಣ

ಪ್ರತಿಯೊಂದು ಮರಿಯೂ ಪ್ರತಿ ಗುಣಕ್ಕೆ ಎರಡು ವಂಶವಾಹಿಗಳನ್ನು ಪಡೆಯುತ್ತದೆ: ಒಂದು ತಂದೆಯಿಂದ, ಇನ್ನೊಂದು ತಾಯಿಯಿಂದ. ಗ್ರೆಗರ್ ಮೆಂಡೆಲ್ ಬಟಾಣಿ ಗಿಡಗಳ ಮೇಲೆ ಪ್ರಯೋಗ ನಡೆಸಿ 1866ರಲ್ಲಿ ಪ್ರಕಟಿಸಿದ ಈ ತತ್ತ್ವ 1900ರವರೆಗೆ ವಿಜ್ಞಾನಿಗಳ ಗಮನಕ್ಕೆ ಬರಲಿಲ್ಲ. ಅನಂತರ ಕೆಲವೇ ವರ್ಷಗಳಲ್ಲಿ ವಿಲಿಯಂ ಬೇಟ್‌ಸನ್ ಕೋಳಿಗಳ ಮೇಲೆ ಪ್ರಯೋಗ ನಡೆಸಿ, ಅದು ಪ್ರಾಣಿಗಳಿಗೂ ಅನ್ವಯಿಸುತ್ತದೆಂದು ತೋರಿಸಿದರು. ಎರಡು ಪ್ರತಿಗಳಲ್ಲಿ ಒಂದೇ ಇದ್ದರೂ ಹೊರಗೆ ಕಾಣಿಸಿಕೊಳ್ಳುವ ಗುಣ ಪ್ರಬಲ. ಎರಡೂ ಪ್ರತಿಗಳು ಒಂದೇ ಬಗೆಯವಾಗಿದ್ದಾಗ ಮಾತ್ರ ಕಾಣಿಸಿಕೊಳ್ಳುವ ಗುಣ ಅಪ್ರಬಲ. ಪಠ್ಯಪುಸ್ತಕಗಳಲ್ಲಿ ಇದನ್ನು ದುರ್ಬಲ ಎಂದೂ ಕರೆಯುವುದುಂಟು. ಆದರೆ ಆ ಪದ ಸ್ವಲ್ಪ ದಾರಿ ತಪ್ಪಿಸುತ್ತದೆ. ಅಪ್ರಬಲ ವಂಶವಾಹಿ ಸವೆಯುವುದೂ ಇಲ್ಲ, ಬೂದಿನೊಡನೆ ಬೆರೆತು ತೆಳುವಾಗುವುದೂ ಇಲ್ಲ. ಹತ್ತು ತಲೆಮಾರು ಅಡಗಿದ್ದು ಹೊರಬಂದರೂ ಅದು ಮೊದಲಿನಷ್ಟೇ ಅಚ್ಚ ಬಿಳಿ.

ಜೀಬ್ರಾ ಫಿಂಚ್‌ನ ಬಿಳುಪು ಇಂತಹ ಅಪ್ರಬಲ ಗುಣ. ಒಂದು ಬೂದು, ಒಂದು ಬಿಳಿ ವಂಶವಾಹಿಯನ್ನು ಹೊತ್ತ ಹಕ್ಕಿ ನೋಡಲು ಸಂಪೂರ್ಣ ಬೂದಾಗಿರುತ್ತದೆ. ಇಂತಹ ಹಕ್ಕಿಯನ್ನು ವಾಹಕ ಎನ್ನುತ್ತಾರೆ. ಹಕ್ಕಿ ವ್ಯಾಪಾರಿಗಳ ಮಾತಿನಲ್ಲಿ ಅದು ‘ಸ್ಪ್ಲಿಟ್’. ಎರಡು ವಾಹಕಗಳು ಕೂಡಿದಾಗ ಪ್ರತಿ ಮೊಟ್ಟೆಗೂ ನಾಲ್ಕು ಸಮಾನ ಸಾಧ್ಯತೆಗಳಿವೆ: ಇಬ್ಬರಿಂದಲೂ ಬೂದು, ತಂದೆಯಿಂದ ಬೂದು, ತಾಯಿಯಿಂದ ಬಿಳಿ, ತಂದೆಯಿಂದ ಬಿಳಿ, ತಾಯಿಯಿಂದ ಬೂದು, ಇಬ್ಬರಿಂದಲೂ ಬಿಳಿ. ಕೊನೆಯದರಲ್ಲಿ ಮಾತ್ರ ಮರಿ ಬಿಳಿಯಾಗುತ್ತದೆ. ಹೀಗಾಗಿ ಬಿಳಿಯ ಮರಿಯ ಸಂಭವ ನಾಲ್ಕರಲ್ಲಿ ಒಂದು.

ನಾಲ್ಕರಲ್ಲಿ ಒಂದು ಎಂದಾಕ್ಷಣ ನಾಲ್ಕು ಮರಿಗಳಾದರೆ ಒಂದು ಬಿಳಿಯದು ಇರಲೇಬೇಕೆಂದು ಅನೇಕರು ತಿಳಿಯುತ್ತಾರೆ. ಲೆಕ್ಕ ಹಾಗಿಲ್ಲ. ಒಂದು ಮರಿ ಬೂದಾಗುವ ಸಂಭವ ನಾಲ್ಕರಲ್ಲಿ ಮೂರು. ನಾಲ್ಕು ಮರಿಗಳೂ ಬೂದಾಗುವ ಸಂಭವ ಅದನ್ನು ನಾಲ್ಕು ಬಾರಿ ಗುಣಿಸಿದಷ್ಟು, ಅಂದರೆ 256ರಲ್ಲಿ 81, ಸುಮಾರು ನೂರಕ್ಕೆ 32. ಎಂಟು ಮರಿಗಳಾದ ಮೇಲೂ ಬಿಳುಪು ಕಾಣದಿರುವ ಸಂಭವ ನೂರಕ್ಕೆ 10ರಷ್ಟು ಉಳಿದಿರುತ್ತದೆ. ಮೊದಲ ಸಲದ ಮರಿಗಳೆಲ್ಲ ಬೂದಾಗಿದ್ದವು ಎಂಬ ಮಾತ್ರಕ್ಕೆ ಜೋಡಿಯಲ್ಲಿ ಬಿಳುಪು ಅಡಗಿಲ್ಲವೆಂದು ಹೇಳುವಂತಿಲ್ಲ. ಹಾಗೆಯೇ ಈ ಸಲ ಒಂದು ಬಿಳಿಯ ಮರಿ ಬಂದಿತೆಂದು ಮುಂದಿನ ಮೊಟ್ಟೆಯ ಸಂಭವ ಕಡಿಮೆಯಾಗುವುದೂ ಇಲ್ಲ. ಪ್ರತಿ ಮೊಟ್ಟೆಯದೂ ಹೊಸ ಲೆಕ್ಕ.

ಬಿಳಿಯ ಮರಿಯ ಬೂದು ಒಡಹುಟ್ಟುಗಳ ಬಗೆಗೂ ಒಂದು ತಪ್ಪು ಎಣಿಕೆ ರೂಢಿಯಲ್ಲಿದೆ. ಅವುಗಳಲ್ಲಿ ಅರ್ಧದಷ್ಟು ವಾಹಕಗಳೆಂದು ಹೇಳುವುದುಂಟು. ನಾಲ್ಕು ಸಾಧ್ಯತೆಗಳಲ್ಲಿ ಬಿಳಿಯದನ್ನು ತೆಗೆದರೆ ಉಳಿಯುವುದು ಮೂರು. ಆ ಮೂರರಲ್ಲಿ ಎರಡು ವಾಹಕ. ಅಂದರೆ ಕಣ್ಣಿಗೆ ಬೂದಾಗಿ ಕಾಣುವ ಪ್ರತಿ ಒಡಹುಟ್ಟು ಬಿಳುಪನ್ನು ಹೊತ್ತಿರುವ ಸಂಭವ ಮೂರರಲ್ಲಿ ಎರಡು. ಯಾವುದು ವಾಹಕ, ಯಾವುದು ಅಲ್ಲ ಎಂದು ನೋಟದಿಂದ ಹೇಳಲಾಗದು. ಬಿಳಿಯ ಹಕ್ಕಿಯೊಡನೆ ಕೂಡಿಸಿ ನೋಡಬೇಕು. ಬೂದು ಹಕ್ಕಿ ವಾಹಕವಾಗಿದ್ದರೆ ಅಂತಹ ಜೋಡಿಯ ಮರಿಗಳಲ್ಲಿ ಸರಾಸರಿ ಅರ್ಧದಷ್ಟು ಬಿಳಿ. ಐದು ಮರಿಗಳಾದರೂ ಎಲ್ಲವೂ ಬೂದಾಗಿದ್ದರೆ ಅದು ವಾಹಕವಾಗಿರುವುದು ಅಸಂಭವ. ಏಕೆಂದರೆ ವಾಹಕದ ಐದು ಮರಿಗಳೂ ಬೂದಾಗುವ ಸಂಭವ 32ರಲ್ಲಿ ಒಂದು ಮಾತ್ರ. ಒಂದೇ ಒಂದು ಬಿಳಿಯ ಮರಿ ಬಂದರೆ ಸಂಶಯಕ್ಕೆ ಎಡೆಯೇ ಇಲ್ಲ.

ಈ ಬಿಳಿಯ ಹಕ್ಕಿ ರೋಗಿಷ್ಠವಲ್ಲ, ಸಂಪೂರ್ಣ ವರ್ಣಹೀನವೂ ಅಲ್ಲ. ಅದರ ಕಣ್ಣು ಕಪ್ಪಾಗಿಯೇ ಇರುತ್ತದೆ, ಕೊಕ್ಕು ಕೆಂಪಾಗಿಯೇ ಇರುತ್ತದೆ. ಗರಿಯ ಕಪ್ಪು ಮತ್ತು ಕಂದು ಬಣ್ಣಗಳಿಗೆ ಮೆಲನಿನ್ ಎಂಬ ವಸ್ತು ಕಾರಣ. ಕೊಕ್ಕಿನ ಕೆಂಪು ಬರುವುದು ಆಹಾರದಲ್ಲಿನ ಹಳದಿ ವರ್ಣದ್ರವ್ಯಗಳನ್ನು ಶರೀರ ಮಾರ್ಪಡಿಸಿಕೊಳ್ಳುವುದರಿಂದ. ಇವೆರಡೂ ಬೇರೆ ಬೇರೆ ವಂಶವಾಹಿಗಳ ಅಧೀನ. ಕೊಕ್ಕು ಹಳದಿಯಾಗಿಯೇ ಉಳಿಯುವ ಒಂದು ಅಪ್ರಬಲ ಬಗೆಯೂ ಜೀಬ್ರಾ ಫಿಂಚ್‌ನಲ್ಲಿದೆ. ಹಳದಿಯನ್ನು ಕೆಂಪಾಗಿಸುವ ಕಿಣ್ವಕ್ಕೆ ಸಂಬಂಧಿಸಿದ ವಂಶವಾಹಿಯಲ್ಲಿನ ದೋಷವೇ ಅದಕ್ಕೆ ಕಾರಣವೆಂದು 2016ರಲ್ಲಿ ತಿಳಿದುಬಂದಿತು.

ಬಣ್ಣ ಬದಲಾದುದೆಲ್ಲ ವಂಶದ ಫಲವಲ್ಲ

ಮರಿಯಾಗಿದ್ದಾಗ ಬೂದಾಗಿದ್ದ ಹಕ್ಕಿಯ ರೆಕ್ಕೆಯಲ್ಲಿ ಅನಂತರ ಒಂದೆರಡು ಬಿಳಿಯ ಗರಿಗಳು ಮೂಡಿದರೆ ಅದು ಪೆಟ್ಟು ಬಿದ್ದ ಜಾಗದಲ್ಲಿ ಹುಟ್ಟಿದ ಗರಿಯಾಗಿರಬಹುದು. ಬರಿಯ ಒಣಕಾಳನ್ನೇ ತಿಂದು, ಬಿಸಿಲು ಕಾಣದ ಮೂಲೆಯಲ್ಲಿ ಬೆಳೆದ ಫಿಂಚ್‌ಗಳ ಮೈ ಕಪ್ಪಾಗುವುದೂ ಉಂಟು. ಆಹಾರ ಸುಧಾರಿಸಿ, ಹಸಿರು ಸೊಪ್ಪು ಮತ್ತು ಬೆಳಕು ದೊರೆತ ಮೇಲೆ ಮುಂದಿನ ಗರಿ ಉದುರುವಿಕೆಯಲ್ಲಿ ಇವು ಮತ್ತೆ ಮೊದಲಿನ ಬಣ್ಣಕ್ಕೆ ಬರಬಹುದು. ಆದುದರಿಂದ ಒಂದು ಸಲ ಗರಿ ಉದುರಿ ಹೊಸ ಗರಿ ಬರುವವರೆಗೆ ಹೊಸ ಬಣ್ಣದ ತಳಿ ದೊರೆಯಿತೆಂದು ತೀರ್ಮಾನಿಸಬಾರದು.

ಇನ್ನೊಂದು ಬಗೆಯ ಬಣ್ಣ ಕೇವಲ ಮೋಸ. ನಮ್ಮ ದೇಶದ ಕಾಡಿನ ರಾಟವಾಳ ಹಕ್ಕಿಗಳಿಗೆ, ಅಂದರೆ ಮುನಿಯಾಗಳಿಗೆ, ಹಸಿರು ಅಥವಾ ಕೆಂಪು ಬಣ್ಣ ಬಳಿದು ವಿದೇಶಿ ಫಿಂಚ್‌ಗಳೆಂದು ಮಾರುವುದು ಹಕ್ಕಿ ಮಾರುಕಟ್ಟೆಗಳಲ್ಲಿ ಹಿಂದಿನಿಂದಲೂ ಕಂಡುಬಂದಿದೆ. ರಾಟವಾಳಗಳನ್ನು ಹಿಡಿಯುವುದೂ ಮಾರುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಬಣ್ಣ ಎರಡು ಸ್ನಾನಕ್ಕೆ ಇಳಿದುಹೋದರೂ ಅಪರಾಧ ಇಳಿಯುವುದಿಲ್ಲ. ಬೆಂಗಾಲೀಸ್ ಫಿಂಚ್‌ನ ವಿಚಾರ ಬೇರೆ. ಪಶ್ಚಿಮ ಘಟ್ಟಗಳಲ್ಲಿಯೂ ಕಾಣಸಿಗುವ ಬಿಳಿಬೆನ್ನಿನ ರಾಟವಾಳದ ಜಾತಿಯಿಂದಲೇ ಅದು ಬಂದಿದ್ದರೂ, ಜಪಾನಿನಲ್ಲಿ ಶತಮಾನಗಳಿಂದ ಪಂಜರದಲ್ಲಿ ಬೆಳೆದು ಪ್ರತ್ಯೇಕ ಸಾಕುತಳಿಯಾಗಿದೆ.

ಹೆಣ್ಣುಮರಿ ಮಾತ್ರ ತಿಳಿಗಂದಾದಾಗ

ಬೂದು ಜೋಡಿಗೆ ಹುಟ್ಟಿದ ಮರಿ ಬಿಳಿಯಲ್ಲದೆ ತಿಳಿಗಂದಾಗಿದ್ದರೆ ಲೆಕ್ಕ ಬೇರೆಯಾಗುತ್ತದೆ. ‘ಫಾನ್’ ಎಂದು ಕರೆಯುವ ಈ ಬಣ್ಣವೂ ಅಪ್ರಬಲವೇ, ಆದರೆ ಅದರ ವಂಶವಾಹಿ ಇರುವುದು ಲಿಂಗವನ್ನು ನಿರ್ಧರಿಸುವ ವರ್ಣತಂತುವಿನ ಮೇಲೆ.

ಮನುಷ್ಯರಲ್ಲಿ ಹೆಣ್ಣಿಗೆ ಎರಡು ಎಕ್ಸ್, ಗಂಡಿಗೆ ಒಂದು ಎಕ್ಸ್ ಮತ್ತು ಒಂದು ವೈ. ಹಕ್ಕಿಗಳಲ್ಲಿ ಇದು ತಿರುಗುಮುರುಗು: ಗಂಡಿಗೆ ಎರಡು ಝಡ್, ಹೆಣ್ಣಿಗೆ ಒಂದು ಝಡ್ ಮತ್ತು ಒಂದು ಡಬ್ಲ್ಯೂ. ಕರ್ನಾಟಕದ ರೈತರಿಗೆ ಪರಿಚಿತವಾದ ರೇಷ್ಮೆಹುಳುವಿನಲ್ಲಿಯೂ ಇದೇ ಕ್ರಮವಿದೆ. ತಿಳಿಗಂದಿನ ವಂಶವಾಹಿ ಝಡ್ ಮೇಲಿರುವುದರಿಂದ ಗಂಡುಹಕ್ಕಿ ಅದನ್ನು ಒಂದು ಝಡ್‌ನಲ್ಲಿ ಅಡಗಿಸಿಟ್ಟುಕೊಂಡು ಬೂದಾಗಿ ಕಾಣಬಲ್ಲದು. ಹೆಣ್ಣಿಗೆ ಅಡಗಿಸಲು ಎಡೆಯಿಲ್ಲ. ಇರುವುದು ಒಂದೇ ಝಡ್. ಅದರ ಮೇಲೆ ಏನಿದೆಯೋ ಅದೇ ಹೊರಗೆ ಕಾಣುತ್ತದೆ. ‘ಫಾನ್ ಬಣ್ಣದ ವಾಹಕ ಹೆಣ್ಣು’ ಎಂದು ಯಾರಾದರೂ ಬೂದು ಹೆಣ್ಣನ್ನು ಹೆಚ್ಚಿನ ಬೆಲೆಗೆ ಮಾರಲು ಬಂದರೆ ಅಂತಹ ಹಕ್ಕಿಯೇ ಇಲ್ಲವೆಂದು ತಿಳಿಯಬೇಕು.

ತಾಯಿ ತನ್ನ ಝಡ್ ಅನ್ನು ಗಂಡುಮರಿಗಳಿಗೆ ಮಾತ್ರ ಕೊಡುತ್ತದೆ. ಹೆಣ್ಣುಮರಿಗೆ ಝಡ್ ಬರುವುದು ತಂದೆಯಿಂದ. ಹೀಗಾಗಿ ವಾಹಕ ಗಂಡು ಮತ್ತು ಬೂದು ಹೆಣ್ಣು ಕೂಡಿದರೆ ಗಂಡುಮರಿಗಳೆಲ್ಲ ಬೂದು. ಹೆಣ್ಣುಮರಿಗಳಲ್ಲಿ ಸರಾಸರಿ ಅರ್ಧ ಬೂದು, ಅರ್ಧ ತಿಳಿಗಂದು. ಬೂದು ಜೋಡಿಯ ಗೂಡಿನಲ್ಲಿ ತಿಳಿಗಂದು ಮರಿ ಕಂಡರೆ ಅದು ಹೆಣ್ಣು; ಬಣ್ಣವನ್ನು ತಂದದ್ದು ತಂದೆ. ಮೊದಲೇ ಹೇಳಿದಂತೆ ಜನರ ಸಂಶಯ ತಾಯಿಯ ಮೇಲೆ ಹೋಗುವುದು ವಿಪರ್ಯಾಸವೇ ಸರಿ. ತಿಳಿಗಂದು ಗಂಡನ್ನು ಬೂದು ಹೆಣ್ಣಿನೊಡನೆ ಕೂಡಿಸಿದರೆ ಹೆಣ್ಣುಮರಿಗಳೆಲ್ಲ ತಿಳಿಗಂದು, ಗಂಡುಮರಿಗಳೆಲ್ಲ ಬೂದು. ಮರಿಗಳ ಕೆನ್ನೆಗೆ ಬಣ್ಣ ಬರುವ ಮೊದಲೇ ಗಂಡುಹೆಣ್ಣುಗಳನ್ನು ಬೇರ್ಪಡಿಸಲು ಇದರಿಂದ ಸಾಧ್ಯ. ಕೋಳಿ ಸಾಕಣೆಯಲ್ಲಿ ಒಂದು ದಿನದ ಮರಿಗಳನ್ನು ಪುಕ್ಕದ ಬಣ್ಣದಿಂದ ಗುರುತಿಸುವುದೂ ಇದೇ ತತ್ತ್ವದ ಮೇಲೆಯೇ.

ಬಿಳಿಯ ಹಕ್ಕಿಯ ವಿಷಯದಲ್ಲಿ ಇನ್ನೂ ಒಂದು ತೊಡಕಿದೆ. ಬಿಳುಪು ಒಂದು ಹೊದಿಕೆಯಂತೆ. ಅದರ ಕೆಳಗೆ ಬೂದು ಇದೆಯೋ ತಿಳಿಗಂದು ಇದೆಯೋ ತಿಳಿಯುವುದಿಲ್ಲ. ಬಿಳಿಯ ಗಂಡೊಂದನ್ನು ತಂದು ಬೂದು ಹೆಣ್ಣಿಗೆ ಜೋಡಿ ಮಾಡಿದಾಗ ಹೆಣ್ಣುಮರಿಗಳು ತಿಳಿಗಂದಾಗಿ ಹುಟ್ಟಿದರೆ ಹೊದಿಕೆಯ ಕೆಳಗಿದ್ದದ್ದು ಹೊರಬಂದಿತೆಂದು ಅರ್ಥ. ಎರಡು ಬೇರೆ ಬೇರೆ ಅಪ್ರಬಲ ಬಣ್ಣಗಳ ಹಕ್ಕಿಗಳನ್ನು, ಉದಾಹರಣೆಗೆ ಬಿಳಿ ಮತ್ತು ‘ಪೆಂಗ್ವಿನ್’ ಎಂಬ ಬಗೆಯನ್ನು, ಕೂಡಿಸಿದಾಗ ಮರಿಗಳು ಬೂದಾಗುವುದೂ ಇಂತಹುದೇ ಒಗಟು. ಬಿಳಿಯ ಹಕ್ಕಿ ಪೆಂಗ್ವಿನ್ ಸ್ಥಾನದಲ್ಲಿ ಸಹಜ ವಂಶವಾಹಿಯನ್ನೂ ಪೆಂಗ್ವಿನ್ ಹಕ್ಕಿ ಬಿಳಿಯ ಸ್ಥಾನದಲ್ಲಿ ಸಹಜ ವಂಶವಾಹಿಯನ್ನೂ ಒದಗಿಸುವುದರಿಂದ ಮರಿಗೆ ಎರಡೂ ಕಡೆ ಒಂದೊಂದು ಸಹಜ ಪ್ರತಿ ದೊರೆಯುತ್ತದೆ. ಆ ಬೂದು ಮರಿಗಳು ಎರಡೂ ಬಣ್ಣಗಳ ವಾಹಕಗಳು.

ಬಣ್ಣದ ಇಂತಹ ವೈವಿಧ್ಯ ಪಂಜರದಲ್ಲಿ ಮಾತ್ರ ಇರುವುದಲ್ಲ. ಉತ್ತರ ಆಸ್ಟ್ರೇಲಿಯಾದ ಗೌಲ್ಡಿಯನ್ ಫಿಂಚ್‌ಗಳಲ್ಲಿ ಕಾಡಿನಲ್ಲಿಯೇ ಸುಮಾರು ನೂರಕ್ಕೆ 70 ಕಪ್ಪು ತಲೆಯವು, 30 ಕೆಂಪು ತಲೆಯವು. ಹಳದಿ ತಲೆಯವು ತೀರ ವಿರಳ. ಕೆಂಪು ಮತ್ತು ಕಪ್ಪನ್ನು ನಿರ್ಧರಿಸುವ ವಂಶವಾಹಿ ಝಡ್ ಮೇಲಿದ್ದು ಕೆಂಪು ಪ್ರಬಲ. ಹಳದಿ ಬೇರೊಂದು ವರ್ಣತಂತುವಿನ ಅಪ್ರಬಲ ಗುಣ.

ಜುಟ್ಟಿನ ಬೆಲೆ

ಪ್ರಬಲ ಗುಣ ಅಡಗಿರಲಾರದು. ಜುಟ್ಟಿಲ್ಲದ ಎರಡು ಹಕ್ಕಿಗಳ ಗೂಡಿನಲ್ಲಿ ಜುಟ್ಟಿನ ಮರಿ ಕಂಡರೆ ಮಾತ್ರ ಅದರ ಹುಟ್ಟಿನ ಬಗೆಗೆ ಸಂಶಯಪಡಲು ಕಾರಣವಿದೆ. ಆದರೆ ಜುಟ್ಟಿನೊಡನೆ ಬೇರೊಂದು ಅಪಾಯ ಅಂಟಿಕೊಂಡಿದೆ. ಕ್ಯಾನರಿಯಲ್ಲಿಯೂ ಜೀಬ್ರಾ ಫಿಂಚ್‌ನಲ್ಲಿಯೂ ಜುಟ್ಟಿನ ವಂಶವಾಹಿ ಇಮ್ಮಡಿಯಾಗಿ ಬಂದ ಭ್ರೂಣ ಬದುಕುವುದಿಲ್ಲ. ಜುಟ್ಟಿನ ಎರಡು ಹಕ್ಕಿಗಳನ್ನು ಜೋಡಿ ಮಾಡಿದವರು ಕಾಲುಭಾಗ ಮೊಟ್ಟೆಗಳನ್ನು ಕಳೆದುಕೊಳ್ಳುತ್ತಾರೆ, ಕಾರಣ ತಿಳಿಯದೆ ಕಾವನ್ನೋ ಹವೆಯನ್ನೋ ದೂರುತ್ತಾರೆ. ಜುಟ್ಟಿನ ಹಕ್ಕಿಯನ್ನು ಸಾದಾ ತಲೆಯ ಹಕ್ಕಿಯೊಡನೆ ಕೂಡಿಸಿದರೆ ಮರಿಗಳಲ್ಲಿ ಅರ್ಧಕ್ಕೆ ಜುಟ್ಟು ಬರುತ್ತದೆ, ಈ ನಷ್ಟವೂ ತಪ್ಪುತ್ತದೆ.

ಅಣ್ಣತಂಗಿಯರ ಜೋಡಿ

ಆಸ್ಟ್ರೇಲಿಯಾ 1960ರ ಸುಮಾರಿಗೆ ತನ್ನ ಹಕ್ಕಿಗಳ ರಫ್ತು ವ್ಯಾಪಾರವನ್ನು ನಿಲ್ಲಿಸಿತು. ಅಂದಿನಿಂದ ಹೊರದೇಶಗಳ ಪಂಜರಗಳಲ್ಲಿರುವ ಜೀಬ್ರಾ ಫಿಂಚ್‌ಗಳು ಪಂಜರದ ಹಕ್ಕಿಗಳ ಸಂತತಿಯೇ. ಒಂದೇ ಅಂಗಡಿಯಲ್ಲಿ ಒಂದೇ ದಿನ ಕೊಂಡ ಗಂಡುಹೆಣ್ಣುಗಳು ಒಂದೇ ಗೂಡಿನವು ಆಗಿರುವುದೂ ಅಪರೂಪವಲ್ಲ. ಬೂದು ಜೋಡಿಗೆ ಬಿಳಿಯ ಮರಿ ಹುಟ್ಟಿದ್ದು ಆ ಜೋಡಿ ರಕ್ತಸಂಬಂಧಿಗಳೆಂಬುದರ ಸೂಚನೆಯೂ ಆಗಿರಬಹುದು.

ಬಿಳಿಯ ಮರಿಗಳನ್ನು ಹೆಚ್ಚಿಸುವ ಸುಲಭ ದಾರಿ ಅದನ್ನು ತಂದೆ ಅಥವಾ ತಾಯಿಯೊಡನೆ, ಇಲ್ಲವೆ ಒಡಹುಟ್ಟಿನೊಡನೆ ಕೂಡಿಸುವುದು ಎಂದು ತೋರುತ್ತದೆ. ಬಣ್ಣದ ಮಟ್ಟಿಗೆ ಅದು ನಿಜ. ಆದರೆ ಒಡಹುಟ್ಟುಗಳ ಮರಿಯಲ್ಲಿ ಯಾವುದೇ ವಂಶವಾಹಿಯ ಎರಡು ಪ್ರತಿಗಳೂ ಒಬ್ಬನೇ ಪೂರ್ವಜನ ಒಂದೇ ಪ್ರತಿಯಿಂದ ಬಂದಿರುವ ಸಂಭವ ನಾಲ್ಕರಲ್ಲಿ ಒಂದು. ಬಿಳುಪಿನಂತೆಯೇ ಅಡಗಿ ಕುಳಿತಿರುವ ಹಾನಿಕರ ಗುಣಗಳೂ ಆಗ ಹೊರಬರುತ್ತವೆ. ಜೀಬ್ರಾ ಫಿಂಚ್‌ನ ಒಡಹುಟ್ಟು ಜೋಡಿಗಳ ಭ್ರೂಣಗಳು ಹೆಚ್ಚಿನ ಪ್ರಮಾಣದಲ್ಲಿ ಸಾಯುತ್ತವೆಂದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಫಲ ಕಟ್ಟಿದ ಮೊಟ್ಟೆಗಳು ಒಡೆಯದೆ ಉಳಿಯುವುದು ಇದರ ಮೊದಲ ಲಕ್ಷಣ.

ಇದೇ ನಿಯಮ ಮನುಷ್ಯರಿಗೂ ಅನ್ವಯಿಸುತ್ತದೆ ಎಂಬುದನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಲ್ಲ. ಸೋದರಮಾವನಿಗೆ ಹೆಣ್ಣು ಕೊಡುವ ಪದ್ಧತಿ ಕನ್ನಡಿಗರ ಅನೇಕ ಕುಟುಂಬಗಳಲ್ಲಿ ಇದೆ. ಹಕ್ಕಿಗಳಿಗೆ ಹಾಕಿದ ಲೆಕ್ಕ ಅಂತಹ ದಂಪತಿಗಳ ಮಗುವಿನಲ್ಲಿ ಎಂಟರಲ್ಲಿ ಒಂದು, ಅತ್ತೆಯ ಅಥವಾ ಮಾವನ ಮಕ್ಕಳು ಮದುವೆಯಾದರೆ ಹದಿನಾರರಲ್ಲಿ ಒಂದು. ಥಲಸ್ಸೀಮಿಯಾ ಎಂಬ ರಕ್ತದ ಕಾಯಿಲೆ ಅಪ್ರಬಲ ಗುಣವೇ. ಇಬ್ಬರೂ ವಾಹಕರಾಗಿದ್ದರೆ ಪ್ರತಿ ಗರ್ಭದಲ್ಲಿಯೂ ನಾಲ್ಕರಲ್ಲಿ ಒಂದು ಸಂಭವ. ವಾಹಕರು ಸ್ವತಃ ಸಾಮಾನ್ಯವಾಗಿ ಆರೋಗ್ಯವಂತರಾಗಿಯೇ ಇರುತ್ತಾರೆ. ಹಕ್ಕಿಗಳಿಗಿಲ್ಲದ ಅನುಕೂಲ ಮನುಷ್ಯರಿಗಿದೆ: ಮದುವೆಗೆ ಮೊದಲು ರಕ್ತಪರೀಕ್ಷೆ ಮಾಡಿಸಿದರೆ ಥಲಸ್ಸೀಮಿಯಾದ ವಾಹಕರನ್ನು ಗುರುತಿಸಬಹುದು.

ಸರಿಯಾದ ಕ್ರಮ

ಬಿಳಿಯ ಹಕ್ಕಿಯನ್ನು ಸಂಬಂಧವಿಲ್ಲದ, ದೃಢಕಾಯದ ಬೂದು ಹಕ್ಕಿಯೊಡನೆ ಕೂಡಿಸಬೇಕು. ಮರಿಗಳು ಬೂದಾಗಿದ್ದರೂ ಎಲ್ಲವೂ ನಿಶ್ಚಿತವಾಗಿ ವಾಹಕಗಳೇ. ಅವುಗಳಲ್ಲಿ ಚೆನ್ನಾಗಿ ಬೆಳೆದದ್ದನ್ನು ಬೇರೆ ಮೂಲದಿಂದ ತಂದ ಬಿಳಿಯ ಹಕ್ಕಿಯೊಡನೆ ಜೋಡಿ ಮಾಡಿದರೆ ಸರಾಸರಿ ಅರ್ಧದಷ್ಟು ಬಿಳಿಯ ಮರಿಗಳು ದೊರೆಯುತ್ತವೆ. ಇವು ಮೂರು ತಿಂಗಳಿಗೇ ಪ್ರಾಯಕ್ಕೆ ಬಂದರೂ ಆರು ತಿಂಗಳಿಗೆ ಮೊದಲು ಜೋಡಿ ಮಾಡುವುದು ಹೆಣ್ಣಿನ ಆರೋಗ್ಯಕ್ಕೆ ಒಳ್ಳೆಯದಲ್ಲ. ಆದುದರಿಂದ ಈ ಕ್ರಮಕ್ಕೆ ಒಂದು ವರ್ಷದಷ್ಟು ತಾಳ್ಮೆ ಬೇಕಾಗುತ್ತದೆ.

ಜೋಡಿಗೊಂದು ಪಂಜರವಿರಬೇಕು. ಹಲವು ಜೋಡಿಗಳನ್ನು ಒಂದೇ ದೊಡ್ಡ ಪಂಜರದಲ್ಲಿ ಬಿಟ್ಟರೆ ಗೂಡಿನಲ್ಲಿ ಕಾವು ಕೊಡುವ ಗಂಡೇ ಮರಿಯ ತಂದೆಯೆಂದು ಹೇಳಲಾಗದು. ಹೆಣ್ಣುಗಳು ಒಂದರ ಗೂಡಿನಲ್ಲಿ ಇನ್ನೊಂದು ಮೊಟ್ಟೆಯಿಡುವುದೂ ಉಂಟು. ಬೂದು ಹೆಣ್ಣಿನ ಗೂಡಿನಲ್ಲಿ ತಿಳಿಗಂದು ಗಂಡುಮರಿ ಕಂಡರೆ ಆ ಮೊಟ್ಟೆ ಅದರದಲ್ಲವೆಂದು ಖಂಡಿತವಾಗಿ ಹೇಳಬಹುದು, ಏಕೆಂದರೆ ಅದರ ಗಂಡುಮರಿಗಳಿಗೆಲ್ಲ ತಾಯಿಯ ಬೂದು ಝಡ್ ಬಂದೇ ಬರುತ್ತದೆ. ಗಂಡನ್ನು ಬದಲಿಸುವಾಗ ಹೆಣ್ಣನ್ನು ಎರಡು ಮೂರು ವಾರ ಒಂಟಿಯಾಗಿಡಬೇಕು. ಹಿಂದಿನ ಗಂಡಿನ ವೀರ್ಯ ಹೆಣ್ಣಿನ ದೇಹದಲ್ಲಿ ಹತ್ತು ದಿನಗಳಿಗೂ ಹೆಚ್ಚು ಕಾಲ ಉಳಿದು ಮೊಟ್ಟೆಗೆ ಫಲ ಕಟ್ಟಬಲ್ಲದು.

ಮರಿ ಹುಟ್ಟಿದ ಒಂದು ವಾರದಿಂದ ಹತ್ತು ದಿನಗಳ ಒಳಗೆ ಕಾಲಿಗೆ ಸಂಖ್ಯೆಯುಳ್ಳ ರಿಂಗು ಹಾಕಿ, ಆ ಸಂಖ್ಯೆಯ ಮುಂದೆ ಹುಟ್ಟಿದ ದಿನ, ತಂದೆ ತಾಯಿಗಳ ಸಂಖ್ಯೆ, ಒಡಹುಟ್ಟುಗಳ ಬಣ್ಣ, ಒಡೆಯದೆ ಉಳಿದ ಮೊಟ್ಟೆಗಳ ಎಣಿಕೆ ಇವಿಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ಹಕ್ಕಿಯನ್ನು ಮಾರುವಾಗ ಅಥವಾ ಕೊಡುವಾಗ ಆ ಪುಟದ ನಕಲನ್ನೂ ಜೊತೆಗೆ ಕೊಡುವುದು ಉಚಿತ. ‘ಸ್ಪ್ಲಿಟ್’ ಎಂದು ಹೇಳಿ ಹೆಚ್ಚಿನ ಹಣ ಕೇಳುವವರಿಂದ ಬೂದು ಹಕ್ಕಿಯನ್ನು ಕೊಳ್ಳುವವರು ಮೊದಲು ಕೇಳಬೇಕಾದದ್ದು ಆ ಪುಟವನ್ನೇ. ತಂದೆ ತಾಯಿಗಳಲ್ಲಿ ಒಂದು ಬಿಳಿಯಾಗಿದ್ದರೆ ಮಾರುವವರ ಮಾತು ಖಚಿತ; ಕೇವಲ ಒಡಹುಟ್ಟು ಬಿಳಿಯಾಗಿದ್ದರೆ ಮೂರರಲ್ಲಿ ಎರಡರಷ್ಟು ಮಾತ್ರ.